ಗುಜರಿಯ ಮಾಪಕ, ಮನೆಯ ಕಾರ್ಯಾಗಾರ

(ತೇರಗಾಂವದಲ್ಲಿ ವಿದ್ಯಾರ್ಥಿಗಳಿಗೆ ನೀಡಿದ ಉಪನ್ಯಾಸದ ಬರಹರೂಪ)



ವಿದ್ಯೆಯ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ನನ್ನನ್ನು ಕರೆದಿದ್ದೀರಿ. ನಾನು ಪುಸ್ತಕದ ಬದಲು ಒಂದು ಗೋಣಿಚೀಲ ತಂದಿದ್ದೇನೆ. ಇದರಲ್ಲಿ ಒಂದು ಆಂಪಿಯರ್ ಮೀಟರ್, ಒಂದು ಒತ್ತಡ ಮಾಪಕ, ಒಂದು ಮೈಕ್ರೋಮೀಟರ್ ಮತ್ತು ಉಷ್ಣತೆ ಅಳೆಯುವ ಒಂದು ಸಲಾಕೆ ಇವೆ. ಎಲ್ಲವೂ ಯಾವುದೋ ಕಾರ್ಖಾನೆಯಲ್ಲಿ ದುಡಿದು, ಕೊನೆಗೆ ಗುಜರಿ ಅಂಗಡಿಗೆ ಬಂದು ಬಿದ್ದವು.

ನಮ್ಮ ಸೀಮೆಗೆ ಕಾರ್ಖಾನೆ ಹೊಸದಲ್ಲ. ದಾಂಡೇಲಿಗೆ ಕಾಗದದ ಕಾರ್ಖಾನೆ 1950ರ ದಶಕದಲ್ಲೇ ಬಂತು. ಫೆರೋ ಅಲಾಯ್ಸ್, ಪ್ಲೈವುಡ್ ಕಾರ್ಖಾನೆಗಳೂ ಅಲ್ಲಿ ಹಿಂದೆ ನಡೆದವು. ದೂರದ ಹರಿಹರದಲ್ಲಿ 1941ರಲ್ಲಿ ಹುಟ್ಟಿ ಲೇತ್ ಯಂತ್ರಗಳಿಗೆ ಹೆಸರಾದ ಮೈಸೂರು ಕಿರ್ಲೋಸ್ಕರ್ ಇಂದು ಇಲ್ಲ, ಬೆಂಗಳೂರಿನ ಎನ್.ಜಿ.ಇ.ಎಫ್. ಕೂಡ 2002ರ ಹೊತ್ತಿಗೆ ಬಾಗಿಲು ಹಾಕಿತು. ಕಾರ್ಖಾನೆ ಮುಚ್ಚಿದಾಗ, ಇಲ್ಲವೇ ಹಳೆಯ ಫಲಕ ತೆಗೆದು ಡಿಜಿಟಲ್ ಫಲಕ ಕೂರಿಸಿದಾಗ, ದೊಡ್ಡ ಯಂತ್ರ ದೊಡ್ಡ ವ್ಯಾಪಾರಿಯ ಪಾಲಾಗುತ್ತದೆ. ಸಣ್ಣ ಮಾಪಕಗಳು ಕಿಲೋ ಲೆಕ್ಕದಲ್ಲಿ ಹುಬ್ಬಳ್ಳಿ, ಬೆಳಗಾವಿಯ ಗುಜರಿ ಸೇರುತ್ತವೆ. ಅಲ್ಲಿ ಅವುಗಳಿಗೆ ಕಬ್ಬಿಣದ ಬೆಲೆ. ಓದಲು ಬಲ್ಲವನ ಕೈಗೆ ಬಂದರೆ ಮಾತ್ರ ಅವುಗಳಿಗೆ ಮಾಪಕದ ಬೆಲೆ.

ಓದಲು ಬಾರದ ಕಾಲದ ನನ್ನದೇ ಒಂದು ತಪ್ಪು ಹೇಳುತ್ತೇನೆ. ವಿದ್ಯಾರ್ಥಿಯಾಗಿದ್ದಾಗ ಗುಜರಿಯಲ್ಲಿ 0ಯಿಂದ 200ರವರೆಗೆ ಗುರುತಿದ್ದ ಆಂಪಿಯರ್ ಮೀಟರ್ ಕೊಂಡೆ. ಪರಿಚಯದವರೊಬ್ಬರ ಹಿಟ್ಟಿನ ಗಿರಣಿಯಲ್ಲಿ 10 ಅಶ್ವಶಕ್ತಿಯ ಮೋಟಾರ್ ಇತ್ತು. ಅದು ಎಳೆಯುವುದು ಹದಿನಾಲ್ಕು ಆಂಪಿಯರ್ ಆಸುಪಾಸು. ಇನ್ನೂರರ ಮೀಟರಿಗೆ ಇದೇನು ಲೆಕ್ಕ ಎಂದು ನೇರವಾಗಿ ಜೋಡಿಸಿಬಿಟ್ಟೆ. ಸ್ವಲ್ಪ ಹೊತ್ತಿಗೆಲ್ಲ ಸುಟ್ಟ ವಾಸನೆ, ಹೊಗೆ. ಗಿರಣಿ ಅರ್ಧ ದಿನ ನಿಂತಿತು. ಆಮೇಲೆ ಮುಖಫಲಕ ಒರೆಸಿ ನೋಡಿದರೆ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ 200/5 ಎಂದಿತ್ತು. ಅಂದರೆ ಆ ಮೀಟರಿನ ಸುರುಳಿ ತಡೆಯುವುದು 5 ಆಂಪಿಯರ್ ಮಾತ್ರ. 200 ಆಂಪಿಯರ್ ಹರಿಯುವುದು ಹೊರಗಿನ ದಪ್ಪ ತಂತಿಯಲ್ಲಿ; ನಡುವೆ ಇರುವ ಕರೆಂಟ್ ಟ್ರಾನ್ಸ್‌ಫಾರ್ಮರ್ ಅದನ್ನು ನಲವತ್ತನೇ ಒಂದು ಪಾಲಿಗೆ ಇಳಿಸಿ ಮೀಟರಿಗೆ ಕಳಿಸುತ್ತದೆ. ಮೀಟರ್ ಸುಳ್ಳು ಹೇಳಿರಲಿಲ್ಲ. ನಾನು ಪೂರ್ತಿ ಓದಿರಲಿಲ್ಲ.

ಅಂದಿನಿಂದ ಯಾವ ಹಳೆಯ ಮಾಪಕ ಸಿಕ್ಕರೂ ಮೂರು ಪ್ರಶ್ನೆ ಕೇಳುತ್ತೇನೆ. ನೀವೂ ಕೇಳಿರಿ.

ಮೊದಲನೆಯದು: ನೀನು ಯಾರು? ಉತ್ತರ ಮುಖಫಲಕದ ಮೇಲೆಯೇ ಇರುತ್ತದೆ. ಕುದುರೆ ಲಾಳದ ಚಿತ್ರವಿದ್ದರೆ ಅದು ಚಲಿಸುವ ಸುರುಳಿಯ ಮೀಟರ್, ನೇರ ವಿದ್ಯುತ್ತಿಗೆ. ಸುರುಳಿಯ ನಡುವೆ ಒಂದು ಗೆರೆಯಿದ್ದರೆ ಚಲಿಸುವ ಕಬ್ಬಿಣದ್ದು. ನಮ್ಮ ಮನೆಯ ಪರ್ಯಾಯ ವಿದ್ಯುತ್ತಿಗೆ ಬಳಸುವುದು ಸಾಮಾನ್ಯವಾಗಿ ಅದನ್ನೇ. 75 ಮಿಲಿವೋಲ್ಟ್ ಎಂದಿದ್ದರೆ ಅದರ ಜೊತೆಗಾರ ಶಂಟ್ ಬೇರೆಡೆ ಇದೆ. ಅದಿಲ್ಲದೆ ಮೀಟರ್ ಕುರುಡು. 1.5 ಎಂಬ ಬಿಡಿ ಅಂಕೆ ನಿಖರತೆಯ ದರ್ಜೆ. 300 ವೋಲ್ಟಿನ ಮೀಟರಿನಲ್ಲಿ ಅದರರ್ಥ, ಮುಳ್ಳು ಎಲ್ಲೇ ನಿಂತಿರಲಿ, ನಾಲ್ಕೂವರೆ ವೋಲ್ಟ್ ಆಚೀಚೆ ಆಗಬಹುದು ಎಂದು.

ಎರಡನೆಯದು: ನೀನು ನಿಜ ಹೇಳುತ್ತೀಯಾ? ಪರೀಕ್ಷಿಸಲು ದುಬಾರಿ ಪ್ರಯೋಗಾಲಯವೇ ಬೇಕೆಂದಿಲ್ಲ. ನಂಬಬಹುದಾದ ವಸ್ತುಗಳು ಊರಲ್ಲೇ ಇವೆ.

ಮೈಕ್ರೋಮೀಟರಿಗೆ ಹೊಸ 608 ನಂಬರಿನ ಬೇರಿಂಗ್ ತನ್ನಿ. ಒಳ್ಳೆಯ ಕಂಪನಿಯದಾದರೆ ಅದರ ಹೊರವ್ಯಾಸ 22 ಮಿಲಿಮೀಟರ್; ಕಡಿಮೆಯಾದರೂ ಮಿಲಿಮೀಟರಿನ ನೂರನೇ ಒಂದು ಭಾಗದೊಳಗೆ. ವರ್ನಿಯರಿಗೆ 6202 ಬೇರಿಂಗ್ ಸಾಕು, ಅದರ ಹೊರವ್ಯಾಸ 35. ಮೊದಲು ದವಡೆಗಳನ್ನು ಒರೆಸಿ, ಮುಚ್ಚಿ, ಸೊನ್ನೆ ಸರಿಯಿದೆಯೇ ನೋಡಿ. ಆಮೇಲೆ ಬೇರಿಂಗ್ ಹಿಡಿಯಿರಿ.

ಒತ್ತಡ ಮಾಪಕಕ್ಕೆ ನೀರೇ ಗುರು. ಹತ್ತು ಮೀಟರ್ ಎತ್ತರದ ನೀರು ಚದರ ಸೆಂಟಿಮೀಟರಿಗೆ 1 ಕಿಲೋ ಒತ್ತಡ ಕೊಡುತ್ತದೆ. ಟ್ಯಾಂಕಿನ ನೀರಿನ ಮಟ್ಟ ನಿಮ್ಮ ನಲ್ಲಿಗಿಂತ 6 ಮೀಟರ್ ಮೇಲಿದ್ದು, ನೀರು ಹರಿಯದೆ ನಿಂತಿದ್ದರೆ, 0-2 ಕಿಲೋದ ಮಾಪಕ 0.6 ತೋರಿಸಬೇಕು. ಒಂದು ಎಚ್ಚರಿಕೆ: ಆಮ್ಲಜನಕದ ಸಿಲಿಂಡರಿಗೆ ಬೇರೆ ಕಡೆ ದುಡಿದ ಮಾಪಕವನ್ನು ಎಂದೂ ಹಾಕಬೇಡಿ. ಒಳಗೆ ತೊಟ್ಟು ಎಣ್ಣೆಯಿದ್ದರೂ ಬೆಂಕಿ ಹತ್ತಿ ಸಿಡಿಯಬಹುದು.

ಇನ್ನು ಈ ಸಲಾಕೆ. ಇದರ ತುದಿಯಲ್ಲಿ ಪ್ಲಾಟಿನಂ ಇದೆ, ಹೆಸರು ಪಿಟಿ-100. ಕರಗುವ ಐಸಿನಲ್ಲಿ ಇದರ ರೋಧ 100 ಓಮ್. ಕುದಿಯುವ ನೀರಿನಲ್ಲಿ 138.5 ಎಂದು ಪುಸ್ತಕ ಹೇಳುತ್ತದೆ. ಆದರೆ ನಮ್ಮ ಹಳಿಯಾಳದ ಕಡೆ ಬಂದರೆ ಸುಮಾರು 137.7! ಸಲಾಕೆ ಕೆಟ್ಟಿಲ್ಲ. ನಾವು ಸಮುದ್ರಮಟ್ಟಕ್ಕಿಂತ ಐನೂರು ಮೀಟರಿಗೂ ಹೆಚ್ಚು ಎತ್ತರದಲ್ಲಿದ್ದೇವೆ. ಇಲ್ಲಿ ನೀರು 98 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ. ಪುಸ್ತಕವೂ ನಿಜ, ಸಲಾಕೆಯೂ ನಿಜ.

ಮೂರನೆಯದು: ನೀನು ನನ್ನ ಮನೆಯಲ್ಲಿ ಏನು ಮಾಡಬಲ್ಲೆ? ಆ ಸಲಾಕೆ ಮೊಟ್ಟೆ ಮರಿ ಮಾಡುವ ಪೆಟ್ಟಿಗೆಯನ್ನು ಕಾಯಬಲ್ಲದು. ಅಲ್ಲಿ ಬೇಕಾದ 37.5 ಡಿಗ್ರಿ ಎಂದರೆ 114.6 ಓಮ್. 200/5ರ ಮೀಟರಿಗೆ ನಡುವೆ ತೂತಿರುವ 50/5ರ ಟ್ರಾನ್ಸ್‌ಫಾರ್ಮರ್ ಜೋಡಿಸಿ, ಮೋಟಾರಿನ ಒಂದು ತಂತಿಯನ್ನು ಆ ತೂತಿನಲ್ಲಿ ಐದು ಸಲ ಹಾಯಿಸಿದರೆ, ಮುಳ್ಳು 200ಕ್ಕೆ ಬಂದಾಗ ಹರಿಯುವುದು 10 ಆಂಪಿಯರ್. ಓದಿದ್ದನ್ನು ಇಪ್ಪತ್ತರಿಂದ ಭಾಗಿಸಿದರಾಯಿತು. ಈ ಜೋಡಣೆಯನ್ನು ವಿದ್ಯುತ್ ನಿಲ್ಲಿಸಿಯೇ ಮಾಡಿ, ಬಲ್ಲವರನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ. ಮೋಟಾರ್ ಓಡುವಾಗ ಟ್ರಾನ್ಸ್‌ಫಾರ್ಮರಿನಿಂದ ಮೀಟರ್ ಬಿಚ್ಚಬೇಡಿ. ತೆರೆದ ತುದಿಗಳಲ್ಲಿ ಪ್ರಾಣ ತೆಗೆಯುವಷ್ಟು ವೋಲ್ಟೇಜ್ ಏಳಬಹುದು.

ಕೈಯಿಂದ ತಿರುಗಿಸುವ 500 ವೋಲ್ಟಿನ ಮೆಗ್ಗರ್ ಸಿಕ್ಕರಂತೂ ಬಿಡಬೇಡಿ. ನಮ್ಮ ಹೊಲಗಳ ಪಂಪ್‌ಸೆಟ್ ಮೋಟಾರ್ ಮಳೆಗಾಲವಿಡೀ ಸುಮ್ಮನೆ ಕೂತು ತೇವ ಹಿಡಿದಿರುತ್ತದೆ. ನೀರು ಬೇಕಾದ ದಿನ ಗುಂಡಿ ಒತ್ತಿದರೆ ಸುಟ್ಟು ಹೋಗುವುದುಂಟು. ಒತ್ತುವ ಮುನ್ನ ವಿದ್ಯುತ್ ತಂತಿ ಬಿಚ್ಚಿ, ಸುರುಳಿಗೂ ಹೊರಮೈಗೂ ನಡುವೆ ಮೆಗ್ಗರ್ ತಿರುಗಿಸಿ. ಒಂದು ಮೆಗಾಓಮ್‌ಗಿಂತ ಕಡಿಮೆ ಬಂದರೆ ಮೊದಲು ಮೋಟಾರ್ ಒಣಗಿಸಬೇಕು. ಎರಡು ನಿಮಿಷದ ಈ ಕೆಲಸ ಒಬ್ಬ ರೈತನ ರಿವೈಂಡಿಂಗ್ ಖರ್ಚು ಉಳಿಸುತ್ತದೆ.

ಇನ್ನು ಮುಟ್ಟಬಾರದ್ದು ಯಾವುದು? ಪಾದರಸವಿರುವ ಗಾಜಿನ ಮಾಪಕ ಬೇಡ. ಸೀಲು ಹಾಕಿದ ವಿದ್ಯುತ್ ಕಂಪನಿಯ ಮೀಟರ್ ಬೇಡ. ಅದು ಮಾರಾಟದ ವಸ್ತುವಲ್ಲ. ಹಳೆಯ ತಕ್ಕಡಿ ಮನೆಗೆ ಇರಲಿ, ಆದರೆ 2009ರ ಕಾನೂನುಮಾಪನ ಕಾಯ್ದೆಯ ಪ್ರಕಾರ ಇಲಾಖೆಯ ಮುದ್ರೆಯಿಲ್ಲದೆ ಅದರಿಂದ ತೂಗಿ ಮಾರುವಂತಿಲ್ಲ.

ಎಲ್ಲಕ್ಕಿಂತ ಮುಖ್ಯ, ಹಳದಿ ಹಿನ್ನೆಲೆಯಲ್ಲಿ ಮೂರು ರೆಕ್ಕೆಗಳ ಚಿಹ್ನೆ ಕಂಡರೆ ದೂರ ಸರಿಯಿರಿ. ಕಾಗದ, ಉಕ್ಕು, ಸಿಮೆಂಟ್ ಉದ್ಯಮಗಳಲ್ಲಿ ದಪ್ಪ ಮತ್ತು ಮಟ್ಟ ಅಳೆಯಲು ವಿಕಿರಣದ ಮೂಲ ಬಳಸುವುದುಂಟು. 2010ರಲ್ಲಿ ದೆಹಲಿ ವಿಶ್ವವಿದ್ಯಾಲಯದ ಪ್ರಯೋಗಾಲಯದ ಹಳೆಯ ವಿಕಿರಣ ಉಪಕರಣವೊಂದು ಹರಾಜಾಗಿ ಮಾಯಾಪುರಿಯ ಗುಜರಿಗೆ ಹೋಯಿತು. ಒಳಗೆ ಕೋಬಾಲ್ಟ್-60 ಇತ್ತು. ಕೊಂಡವರಿಗೂ ಬಿಚ್ಚಿದವರಿಗೂ ಅದು ಏನೆಂದು ತಿಳಿದಿರಲಿಲ್ಲ. ಹಲವರು ಆಸ್ಪತ್ರೆ ಸೇರಿದರು, ಒಬ್ಬ ಕೆಲಸಗಾರ ತೀರಿಕೊಂಡ. ಅಂಥದ್ದು ಕಂಡರೆ ಮುಟ್ಟದೆ, ಬೇರೆಯವರನ್ನೂ ಮುಟ್ಟಗೊಡದೆ ಪೊಲೀಸರಿಗೆ ತಿಳಿಸಿ.

ನನ್ನ ಮೀಟರ್ ಸುಟ್ಟದ್ದಕ್ಕೂ ಆ ಕೆಲಸಗಾರನ ಸಾವಿಗೂ ಹೋಲಿಕೆಯಿಲ್ಲ. ಆದರೆ ಎರಡರ ಬೇರು ಒಂದೇ: ಕೈಯಲ್ಲಿರುವುದು ಏನೆಂದು ತಿಳಿಯದಿರುವುದು. ನಾನು ವಿದ್ಯೆಯೆಂದು ಕರೆಯುವುದು ಆ ತಿಳಿವಳಿಕೆಯನ್ನೇ.

ವಿದ್ಯಾರ್ಥಿಗಳೇ, ಹೊಸ ಉಪಕರಣ ಕೊಳ್ಳಲು ಹಣವಿಲ್ಲ ಎಂದು ಕಲಿಕೆ ನಿಲ್ಲಿಸಬೇಡಿ. ಒಂದು ನೋಟ್‌ಬುಕ್ ಇಡಿ. ಪ್ರತಿ ಮಾಪಕಕ್ಕೂ ಒಂದು ಪುಟ. ಎಲ್ಲಿ ಸಿಕ್ಕಿತು, ಫಲಕದ ಮೇಲೆ ಏನಿದೆ, ಯಾವುದರೊಡನೆ ಹೋಲಿಸಿದೆ, ಎಷ್ಟು ತಪ್ಪು ತೋರಿಸಿತು ಎಂದು ತಾರೀಖು ಹಾಕಿ ಬರೆಯಿರಿ. ತಪ್ಪು ಎಷ್ಟೆಂದು ಗೊತ್ತಿರುವ ಹಳೆಯ ಮಾಪಕ, ಎಂದೂ ಪರೀಕ್ಷಿಸದ ಹೊಸ ಮಾಪಕಕ್ಕಿಂತ ಮೇಲು.

ಈ ಚೀಲವನ್ನು ನಾನು ವಾಪಸು ಒಯ್ಯುವುದಿಲ್ಲ. ಸುಟ್ಟ ಆ ಮೀಟರ್ ಕೂಡ ಇದರಲ್ಲಿದೆ. ಮೊದಲು ಅದನ್ನೇ ಬಿಚ್ಚಿ ನೋಡಿ.