ಕಡಲ ದಂಡೆಗುಂಟ ಕಾಲ್ನಡಿಗೆ



ನರಗುಂದ ತಾಲೂಕಿನ ಚಿಕ್ಕನರಗುಂದದಂಥ ಎರೆನೆಲದ ಊರಿನವನು ಕಡಲ ದಂಡೆಯ ಮೇಲಿನ ದೀರ್ಘ ಕಾಲ್ನಡಿಗೆಯನ್ನು ಕುರಿತು ಮಾತನಾಡುವುದು ನಿಮ್ಮಲ್ಲಿ ಕೆಲವರಿಗೆ ವಿಚಿತ್ರವೆನಿಸೀತು. ನಮಗೆ ಕಡಲೆ ಗೊತ್ತು, ಕಡಲು ಗೊತ್ತಿಲ್ಲ. ಆದರೆ ನಡಿಗೆ ಮಾತ್ರ ನಮಗೆ ಹೊಸತಲ್ಲ. ಯುಗಾದಿಗೆ ಮುನ್ನ ಕಂಬಿ ಹೊತ್ತು ಶ್ರೀಶೈಲಕ್ಕೆ ನಡೆಯುವವರು, ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿಗೆ, ಭಾರತ ಹುಣ್ಣಿಮೆಗೆ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ನಡೆಯುವವರು ನಮ್ಮ ಸೀಮೆಯಲ್ಲಿ ಇಂದಿಗೂ ಉಂಟು. ಆ ಯಾತ್ರೆಗಳ ಯೋಜನೆಯನ್ನು ತಲೆಮಾರುಗಳೇ ಮಾಡಿಟ್ಟಿವೆ. ಯಾವ ಊರಲ್ಲಿ ಸಿಹಿನೀರಿನ ಬಾವಿ, ಯಾವ ಮಠದಲ್ಲಿ ಪ್ರಸಾದ, ಯಾವ ಗಿಡದ ಕೆಳಗೆ ಮಧ್ಯಾಹ್ನದ ನೆರಳು ಎಂಬುದನ್ನು ಹಿರಿಯರು ಬಾಯಿಂದ ಬಾಯಿಗೆ ದಾಟಿಸಿದ್ದಾರೆ. ಕಡಲ ದಂಡೆಯ ನಡಿಗೆಗೆ ನಮ್ಮಲ್ಲಿ ಅಂಥ ಪರಂಪರೆಯಿಲ್ಲ. ಹಾಗಾಗಿ ಅದರ ಯೋಜನೆಯನ್ನು ನಾವೇ ಮಾಡಿಕೊಳ್ಳಬೇಕು.

ಸಮುದ್ರದೆಡೆಗಿನ ಯೋಜನಾಬದ್ಧ ನಡಿಗೆ ಎಂದಾಗ ಭಾರತೀಯರಿಗೆ ಮೊದಲು ನೆನಪಾಗುವುದು 1930ರ ದಂಡಿಯಾತ್ರೆ. ಮಾರ್ಚ್ 12ರಂದು ಸಾಬರಮತಿಯಿಂದ ಹೊರಟು, ಸುಮಾರು 240 ಮೈಲು ನಡೆದು, ಏಪ್ರಿಲ್ 6ರಂದು ಕಡಲ ತೀರದಲ್ಲಿ ಉಪ್ಪು ಎತ್ತಿದ ಗಾಂಧೀಜಿಯವರಿಗೆ ಆಗ ಅರವತ್ತು ತುಂಬಿತ್ತು. ಅವರೊಡನೆ ನಡೆದವರಲ್ಲಿ ನಮ್ಮ ಕಡೆಯ ಮೋಟೆಬೆನ್ನೂರಿನ ತರುಣ ಮೈಲಾರ ಮಹಾದೇವಪ್ಪನೂ ಇದ್ದ. ಅದು ಭಾವಾವೇಶದ ನಡಿಗೆಯೆಂದು ತಿಳಿಯುವವರುಂಟು. ವಾಸ್ತವದಲ್ಲಿ ಅದು ಲೆಕ್ಕಾಚಾರದ ನಡಿಗೆ. ದಿನಕ್ಕೆ ಹತ್ತು ಹನ್ನೆರಡು ಮೈಲು, ಸೋಮವಾರ ವಿಶ್ರಾಂತಿ, ಮುಂದಿನ ಹಳ್ಳಿಗಳಿಗೆ ಮೊದಲೇ ಹೋಗಿ ವಿಚಾರಿಸಿ ಬರುವ ವಿದ್ಯಾರ್ಥಿಗಳ ತಂಡ, ಇವೆಲ್ಲ ಅದರಲ್ಲಿದ್ದವು. ವಯಸ್ಸಾದವರ ನಡಿಗೆಗೆ ಇದಕ್ಕಿಂತ ಒಳ್ಳೆಯ ಪಾಠವಿಲ್ಲ. ಮಿತವಾದ ದೂರ, ನಿಶ್ಚಿತವಾದ ಬಿಡುವು, ಮುಂಗಡ ವಿಚಾರಣೆ: ಈ ಮೂರನ್ನು ನಾವೂ ಎರವಲು ಪಡೆದಿದ್ದೇವೆ.

ನಾವು ಎಂದರೆ ಮೂವರು. ನಿವೃತ್ತ ಅಧ್ಯಾಪಕನಾದ ನಾನು, ಪ್ರಾಥಮಿಕ ಶಾಲೆಯಿಂದ ನಿವೃತ್ತರಾದ ಒಬ್ಬ ಗುರುಗಳು, ಮತ್ತು ಇಪ್ಪತ್ತು ಎಕರೆ ಎರೆಯನ್ನು ಇಂದಿಗೂ ತಾವೇ ನಿಂತು ಮಾಡಿಸುವ ಒಬ್ಬ ರೈತ ಮಿತ್ರರು. ಮೂವರಿಗೂ ಅರವತ್ತು ದಾಟಿದೆ. ಕರ್ನಾಟಕದ ಕರಾವಳಿ ಮುನ್ನೂರು ಕಿಲೋಮೀಟರಿಗೂ ಮಿಕ್ಕಿದ್ದು. ಅದನ್ನು ಪೂರ್ತಿ ನಡೆಯುವ ಹುಮ್ಮಸ್ಸು ತರುಣರಿಗಿರಲಿ. ನಾವು ಅಂಕೋಲೆಯಿಂದ ಹೊನ್ನಾವರದವರೆಗಿನ ಅರವತ್ತು ಎಪ್ಪತ್ತು ಕಿಲೋಮೀಟರಿನ ತುಂಡನ್ನು ಆರಿಸಿಕೊಂಡಿದ್ದೇವೆ. ಕಾರವಾರದಿಂದಲೇ ಏಕೆ ಹೊರಡಬಾರದೆಂದು ಕೇಳಬಹುದು. ಕಾರವಾರದ ದಕ್ಷಿಣಕ್ಕೆ ನೌಕಾಪಡೆಯ ನೆಲೆಯಿದೆ. ಅಲ್ಲಿ ದಂಡೆ ಹಿಡಿದು ನಡೆಯುವಂತಿಲ್ಲ, ಲಾರಿಗಳು ಓಡುವ ಹೆದ್ದಾರಿಯನ್ನೇ ಹಿಡಿಯಬೇಕು. ಅಂಕೋಲೆಯಾದರೋ ಹುಬ್ಬಳ್ಳಿಯಿಂದ ನೇರ ಬಸ್ಸಿನ ದಾರಿ. ಅಲ್ಲದೆ 1930ರ ಏಪ್ರಿಲ್ 13ರಂದು ಕರ್ನಾಟಕದ ಉಪ್ಪಿನ ಸತ್ಯಾಗ್ರಹ ನಡೆದದ್ದೂ ಅಲ್ಲಿಯೇ. ಹೊರಡಲು ಅದಕ್ಕಿಂತ ಯೋಗ್ಯ ಸ್ಥಳ ಬೇರೆ ಯಾವುದು?

ಇನ್ನು ಕಾಲನಿರ್ಣಯ. ಮಳೆಗಾಲದ ಮಾತೇ ಬೇಡ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲಿದ್ದವರನ್ನು ಗಂಗಾವಳಿ ನದಿಗೆ ತಳ್ಳಿದ ದುರಂತವನ್ನು ನಾವಾರೂ ಮರೆತಿಲ್ಲ. ಏಪ್ರಿಲ್ ಮೇ ತಿಂಗಳ ಸೆಕೆಯೂ ನಮಗೆ ಆಗದು. ನಮ್ಮ ಊರಿನ ಬಿಸಿಲು ಉರಿಯಾದರೂ ಬೆವರನ್ನು ಆರಿಸುತ್ತದೆ. ಕರಾವಳಿಯ ಬೆವರು ಆರುವುದೇ ಇಲ್ಲ. ಮಕರ ಸಂಕ್ರಾಂತಿಯಿಂದ ಶಿವರಾತ್ರಿಯವರೆಗಿನ ಅವಧಿಯೇ ಪ್ರಶಸ್ತ. ಆದರೆ ಶಿವರಾತ್ರಿಗೆ ಗೋಕರ್ಣದಲ್ಲಿ ಕಾಲಿಡಲು ಜಾಗವಿರದು. ಅದಕ್ಕೆ ಒಂದು ವಾರ ಮೊದಲೇ ನಡಿಗೆ ಮುಗಿಯಬೇಕು.

ಇಲ್ಲಿ ನಮಗೆ ನೆರವಾದದ್ದು ಮನೆಯ ಪಂಚಾಂಗ. ಕಡಲ ದಂಡೆಯಲ್ಲಿ ನಡೆಯುವವನ ನಿಜವಾದ ಗಡಿಯಾರ ಚಂದ್ರ. ಹುಣ್ಣಿಮೆ, ಅಮಾವಾಸ್ಯೆಗಳ ಹೊತ್ತಿಗೆ ಉಬ್ಬರವೂ ದೊಡ್ಡದು, ಇಳಿತವೂ ದೊಡ್ಡದು; ಅಷ್ಟಮಿಯ ಹೊತ್ತಿಗೆ ಎರಡೂ ಮಂದ. ಇಳಿತದಲ್ಲಿ ನೀರು ಹಿಂದೆ ಸರಿದಾಗ ಹೊರಬೀಳುವ ಹಸಿಮರಳು ಕಣದ ನೆಲದಂತೆ ಗಟ್ಟಿಯಾಗಿರುತ್ತದೆ. ಮೇಲಿನ ಒಣಮರಳಿನಲ್ಲಿ ಪಾದ ಹೂತು, ಅದೇ ವೇಗಕ್ಕೆ ಎರಡು ಪಟ್ಟಿಗೂ ಹೆಚ್ಚು ಶಕ್ತಿ ವ್ಯಯವಾಗುತ್ತದೆಂದು ಅಳೆದು ನೋಡಿದ ವಿಜ್ಞಾನಿಗಳು ಹೇಳಿದ್ದಾರೆ. ಹೆಂಟೆ ಬಿದ್ದ ಹೊಲದಲ್ಲಿ ನಡೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಇಳಿತದ ವೇಳೆ ದಿನದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದೆ ಹೋಗುತ್ತದೆ. ಮೊದಲ ದಿನ ಬೆಳಗಿನ ಆರಕ್ಕೆ ಇಳಿತವೆಂದು ಹಿಡಿದರೆ ಐದನೆಯ ದಿನ ಅದು ಒಂಬತ್ತೂ ಇಪ್ಪತ್ತಕ್ಕೆ. ಭಾರತೀಯ ಸರ್ವೇಕ್ಷಣ ಇಲಾಖೆ ಪ್ರತಿವರ್ಷ ಉಬ್ಬರವಿಳಿತದ ಕೋಷ್ಟಕ ಪ್ರಕಟಿಸುತ್ತದೆ. ಕೊನೆಯ ಮಾತು ಅದರದ್ದೇ. ಈ ಎಲ್ಲವನ್ನೂ ಕೂಡಿಸಿ ಕಳೆದು, ಭಾರತ ಹುಣ್ಣಿಮೆಯ ಮರುದಿನ ಹೊರಡುವುದೆಂದು ನಿಶ್ಚಯಿಸಿದೆವು. ಆಗ ಹಿಂಗಾರಿ ಕಡಲೆಯ ರಾಶಿಯೂ ಬಹುಮಟ್ಟಿಗೆ ಮುಗಿದಿರುತ್ತದೆ. ನಮ್ಮ ರೈತ ಮಿತ್ರರಿಗೆ ನೆಪ ಹೇಳಲು ಅವಕಾಶವಿಲ್ಲ!

ನೆಪವಲ್ಲ, ಅವರು ಎತ್ತಿದ್ದು ಪ್ರಶ್ನೆ. ಒಂದು ಸಂಜೆ ಕಟ್ಟೆಯ ಮೇಲೆ ನಕಾಶೆ ಹರಡಿದಾಗ ಅವರೆಂದರು: "ಸರ, ದೇವರಿಲ್ಲದ ದಾರಿ ಯಾಕ ನಡೀಬೇಕ್ರಿ? ಕುಡಿಯಾಕ ನೀರಿಗೆ ಬಡದಾಡೋ ನಾವು, ನೀರು ಸುಮ್ನ ಸಮುದ್ರಕ್ಕ ಹೋಗೂದನ್ನ ನೋಡಾಕ ರೊಕ್ಕಾ ಖರ್ಚ ಮಾಡ್ಕೊಂಡು ಹೋಗಬೇಕೇನ್ರಿ?"

ಈ ಪ್ರಶ್ನೆಯನ್ನು ನಗೆಯಲ್ಲಿ ತೇಲಿಸುವಂತಿರಲಿಲ್ಲ. ಮಹದಾಯಿಯ ನೀರಿಗಾಗಿ 2015ರ ಜುಲೈಯಲ್ಲಿ ನರಗುಂದದಲ್ಲಿ ಧರಣಿ ಆರಂಭವಾದಾಗ ಅಲ್ಲಿ ಕುಳಿತವರಲ್ಲಿ ಅವರೂ ಒಬ್ಬರು. 2018ರಲ್ಲಿ ನ್ಯಾಯಮಂಡಳಿಯು ಕಳಸಾ ಬಂಡೂರಿಗಳಿಂದ ಮಲಪ್ರಭೆಗೆ 3.9 ಟಿಎಂಸಿ ನೀರನ್ನು ಹಂಚಿತು. ಬಾಯಾರಿದ ಊರುಗಳ ಆ ಬೇಡಿಕೆ ನ್ಯಾಯವಾದದ್ದೆಂದೇ ನನ್ನ ಮತ. ಆದರೆ 'ಸಮುದ್ರಕ್ಕೆ ಹರಿದು ವ್ಯರ್ಥವಾಗುವ ನೀರು' ಎಂಬ ಮಾತನ್ನು ನಾವು ಇಷ್ಟು ವರ್ಷ ಆಡಿದ್ದೇವಲ್ಲ, ಆ ನೀರು ಕೊನೆಗೆ ಎಲ್ಲಿಗೆ ಹೋಗುತ್ತದೆ, ಅಲ್ಲಿ ಏನು ಮಾಡುತ್ತದೆ ಎಂಬುದನ್ನು ಕಾಲಾರೆ ಹೋಗಿ ನೋಡಿದವರು ನಮ್ಮಲ್ಲಿ ಎಷ್ಟು ಜನ? "ಹಂಗಾದ್ರ ಹೊಳೀ ಬಾಯಿ ನೋಡಿಯೇ ಬರೂಣ" ಎಂದು ಅವರು ಒಪ್ಪಿದರು. ಅಲ್ಲಿಂದ ನಮ್ಮ ನಕಾಶೆಯ ಗುರುತುಗಳೇ ಬದಲಾದವು. ಊರುಗಳಿಗಿಂತ ಹೊಳೆಬಾಯಿಗಳು ಮುಖ್ಯವಾದವು.

ಕರಾವಳಿಯವರು ಹೊಳೆಬಾಯಿಗೆ ಅಳಿವೆ ಎನ್ನುತ್ತಾರೆ. ನಮ್ಮ ದಾರಿಯಲ್ಲಿ ಮೂರು ದೊಡ್ಡ ಅಳಿವೆಗಳು: ಗಂಗಾವಳಿ, ಅಘನಾಶಿನಿ, ಶರಾವತಿ. ಕಾಲ್ನಡಿಗೆಯವನನ್ನು ತಡೆದು ನಿಲ್ಲಿಸುವವು ಇವೇ. ನೀರು ತೆಳುವಾಗಿ ಕಂಡಿತೆಂದು ಅಳಿವೆಯಲ್ಲಿ ಹೆಜ್ಜೆಯಿಡುವುದು ಪ್ರಾಣಕ್ಕೆ ಎರವು. ಇಳಿಯುವ ನೀರಿನ ಸೆಳೆತ ಈಜುಗಾರನನ್ನೂ ಬಿಡದು. ದೋಣಿ ಎಲ್ಲಿ, ಕೊನೆಯ ದೋಣಿ ಎಷ್ಟು ಹೊತ್ತಿಗೆ, ಸೇತುವೆಯಾದರೆ ಎಷ್ಟು ಸುತ್ತು ಎಂದು ಮೊದಲೇ ವಿಚಾರಿಸಿರಬೇಕು. ದಿನದ ನಡಿಗೆಯ ಉದ್ದವನ್ನು ಅಲ್ಲಿ ನಿರ್ಧರಿಸುವುದು ನಮ್ಮ ಕಾಲುಗಳಲ್ಲ, ನೀರು.

ಆದಕಾರಣ ನಮ್ಮ ಪಟ್ಟಿ ಹೀಗಿದೆ. ಮೊದಲ ದಿನ ಅಂಕೋಲೆಯಿಂದ ಬೇಲಂಬರದ ಕಡೆಯಾಗಿ ಗಂಗಾವಳಿಯ ದಡದ ಮಂಜುಗುಣಿಗೆ. ಎರಡನೆಯ ದಿನ ಹೊಳೆ ದಾಟಿ ಗೋಕರ್ಣಕ್ಕೆ. ಮೂರನೆಯ ದಿನ ವಿಶ್ರಾಂತಿ. ನಾಲ್ಕನೆಯ ದಿನ ಕುಡ್ಲೆ, ಓಂ ದಂಡೆಗಳ ಮೇಲಿನ ಗುಡ್ಡದ ದಾರಿಯಿಂದ ತದಡಿಗೆ. ಅಲ್ಲಿ ದಂಡೆಗಳ ನಡುವೆ ಬಂಡೆಗಳು ಕಡಲೊಳಗೆ ಚಾಚಿಕೊಂಡಿವೆ, ಉಬ್ಬರದಲ್ಲಿ ಅವನ್ನು ಸುತ್ತಿಹೋಗುವ ಸಾಹಸ ಸಲ್ಲದು. ಐದನೆಯ ದಿನ ತದಡಿಯಿಂದ ದೋಣಿಯಲ್ಲಿ ಅಘನಾಶಿನಿ ದಾಟಿ ಕುಮಟೆಯತ್ತ. ಆರನೆಯ ದಿನ ಧಾರೇಶ್ವರ, ಏಳನೆಯ ದಿನ ಹೊನ್ನಾವರ. ಕೊನೆಯೆರಡು ದಿನ ಇಳಿತ ತಡವಾಗಿಯೂ ಮಂದವಾಗಿಯೂ ಇರುವುದರಿಂದ ತೆಂಗಿನ ತೋಟಗಳ ನಡುವಿನ ಹಳ್ಳಿದಾರಿಗಳನ್ನೇ ಹಿಡಿಯುವುದು. ದಿನಕ್ಕೆ ಹತ್ತು ಹನ್ನೆರಡು ಕಿಲೋಮೀಟರಿಗೆ ಹೆಚ್ಚಿಲ್ಲ. ಹತ್ತೂವರೆಯ ನಂತರ ಬಿಸಿಲಿಗೆ ಬೀಳುವಂತಿಲ್ಲ. ಮೂವರಲ್ಲಿ ಒಬ್ಬರು ಸಾಕೆಂದರೆ ಮೂವರೂ ಬಸ್ಸು ಹತ್ತುವುದು. ಈ ಕೊನೆಯ ಕರಾರಿಗೆ ಚರ್ಚೆಯಿಲ್ಲ.

ಹೊರೆಯ ವಿಷಯವನ್ನು ಎರಡೇ ಮಾತಿನಲ್ಲಿ ಹೇಳುತ್ತೇನೆ. ತಲಾ ಒಂದು ಚೀಲ, ಎರಡು ಜೊತೆ ಬಟ್ಟೆ, ಕುಡಿಯುವ ನೀರು, ನಿತ್ಯದ ಗುಳಿಗೆ, ತಲೆಗೆ ರುಮಾಲು. ಖಡಕ್ ರೊಟ್ಟಿ, ಶೇಂಗಾ ಹಿಂಡಿಯ ಬುತ್ತಿ ಮೊದಲ ಮೂರು ದಿನಕ್ಕೆ. ಕರಾವಳಿಯ ತೇವದಲ್ಲಿ ರೊಟ್ಟಿ ಅದಕ್ಕಿಂತ ಹೆಚ್ಚು ಗರಿಗರಿಯಾಗಿ ಉಳಿಯಲಾರದು. ಆಮೇಲೆ ಅಲ್ಲಿಯವರ ಕುಚ್ಚಲಕ್ಕಿ ಗಂಜಿಯನ್ನು ನಾವು ಕಲಿಯಬೇಕು.

ದಂಡಿಯಾತ್ರೆಯ ಮುಂಗಡ ತಂಡದ ಮಾದರಿಯಲ್ಲಿ ಕಳೆದ ಕಾರ್ತಿಕದಲ್ಲಿ ನಾನೊಬ್ಬನೇ ಬಸ್ಸಿನಲ್ಲಿ ಹೋಗಿ ತದಡಿಯವರೆಗೆ ನೋಡಿ ಬಂದೆ. ಅಘನಾಶಿನಿ ಶಿರಸಿಯ ಬಳಿ ಹುಟ್ಟಿ, ಎಲ್ಲಿಯೂ ಅಣೆಕಟ್ಟಿಗೆ ಸಿಕ್ಕದೆ ಕಡಲು ಸೇರುವ ಹೊಳೆ. ಅದರ ಅಳಿವೆಯಲ್ಲಿ ಸಿಹಿನೀರು, ಉಪ್ಪುನೀರು ದಿನಕ್ಕೆರಡು ಬಾರಿ ಬೆರೆಯುತ್ತವೆ. ಆ ಬೆರಕೆಯಲ್ಲೇ ಸಿಗಡಿ ಬೆಳೆಯುತ್ತದೆ; ಇಳಿತದಲ್ಲಿ ಹೆಂಗಸರೂ ಗಂಡಸರೂ ಸೊಂಟದ ನೀರಿನಲ್ಲಿ ನಿಂತು ಚಿಪ್ಪಿ ಆರಿಸುತ್ತಾರೆ. ಪಕ್ಕದ ಗಜನಿ ಭೂಮಿಯಲ್ಲಿ ಉಪ್ಪುನೀರನ್ನು ತಾಳುವ ಕಗ್ಗ ಎಂಬ ಭತ್ತ, ಸಾಣಿಕಟ್ಟೆಯಲ್ಲಿ ಉಪ್ಪಿನ ಆಗರ. ಹೊಳೆಯ ಸಿಹಿನೀರು ತಗ್ಗಿದರೆ ಉಪ್ಪು ಒಳನಾಡಿಗೆ ಏರಿ ಬಾವಿಗಳನ್ನು ಸೇರುತ್ತದೆ. ಹಾಗಾದರೆ ಕಡಲು ಸೇರುವ ನೀರೂ ದುಡಿಯುತ್ತಲೇ ಸೇರುತ್ತದೆಯಲ್ಲವೆ?

ದೋಣಿ ನಡೆಸುತ್ತಿದ್ದವರೊಬ್ಬರು ನನ್ನ ಊರು ಕೇಳಿದರು. ಬೇಸಿಗೆಯಲ್ಲಿ ನಾವು ನಲ್ಲಿಯ ನೀರಿಗೆ ದಿನಗಟ್ಟಲೆ ಕಾಯುವುದನ್ನು ಹೇಳಿದೆ. ಅವರು ಹುಟ್ಟುಹಾಕುವುದನ್ನು ನಿಲ್ಲಿಸಿ, "ಹಾಗಾದರೆ ಜನ ಹೇಗೆ ಬದುಕುತ್ತಾರೆ?" ಎಂದರು. ನಮ್ಮ ರೈತ ಮಿತ್ರರ ಪ್ರಶ್ನೆಗೂ ಇವರ ಪ್ರಶ್ನೆಗೂ ಇರುವ ದೂರ ಇನ್ನೂರು ಚಿಲ್ಲರೆ ಕಿಲೋಮೀಟರು. ಇವರಿಬ್ಬರೂ ಒಂದು ದೋಣಿಯಲ್ಲಿ ಕುಳಿತು ಮಾತನಾಡಬೇಕು ಎಂಬುದೇ ನನಗೆ ಈಗ ಈ ನಡಿಗೆಯ ಮುಖ್ಯ ಉದ್ದೇಶವಾಗಿದೆ.

ಧಾರವಾಡದ ಸೀಮೆಯಲ್ಲಿ ಬೀಳುವ ಮಳೆ ಎರಡು ಹಾದಿ ಹಿಡಿಯುತ್ತದೆ. ಒಂದು ಪಾಲು ಬೆಣ್ಣೆಹಳ್ಳವಾಗಿ ನಮ್ಮ ಕಡೆ ಬಂದು, ಮಲಪ್ರಭೆ ಕೃಷ್ಣೆಯರ ಮೂಲಕ ಬಂಗಾಲ ಕೊಲ್ಲಿಗೆ. ಇನ್ನೊಂದು ಪಾಲು ಶಾಲ್ಮಲೆ, ಬೇಡ್ತಿಗಳಾಗಿ ಹರಿದು, ಗಂಗಾವಳಿ ಎಂಬ ಹೆಸರಿನಿಂದ ಅರಬ್ಬೀ ಸಮುದ್ರಕ್ಕೆ. 2024ರಲ್ಲಿ ರಾಮ್‌ಸಾರ್ ಜೌಗುಭೂಮಿಗಳ ಪಟ್ಟಿಗೆ ಅಘನಾಶಿನಿಯ ಅಳಿವೆ ಸೇರಿದಾಗ, ನಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆಯೂ ಜೊತೆಯಲ್ಲೇ ಸೇರಿತು. ನಕಾಶೆಯಲ್ಲಿ ದೂರವಾದವು ನೀರಿನ ಲೆಕ್ಕದಲ್ಲಿ ನೆರೆಹೊರೆ.

ನಿಮ್ಮಲ್ಲಿ ಬಿಡುವಿರುವವರು, ಕಾಲು ಗಟ್ಟಿಯಿರುವವರು ಇಂಥ ಒಂದು ನಡಿಗೆಯನ್ನು ಕಟ್ಟಿಕೊಳ್ಳಿ. ಪಂಚಾಂಗ ನೋಡಿ, ದೋಣಿಯ ವೇಳೆ ಕೇಳಿ, ಚೀಲ ಹಗುರ ಮಾಡಿ. ಸಾಧ್ಯವಾದರೆ ನಿಮ್ಮ ಮಾತನ್ನು ಒಪ್ಪದ ಒಬ್ಬರನ್ನು ಜೊತೆಗೆ ಕರೆದುಕೊಳ್ಳಿ. ದಾರಿ ಬೇಗ ಸವೆಯುತ್ತದೆ.