ಆಕಾಶದಲ್ಲಿ ಲಾಗ ಹಾಕುವ ವಿದ್ಯೆ

ವಿಮಾನವೊಂದು ಮೂತಿ ಮೇಲೆತ್ತಿ, ಬೆನ್ನು ಕೆಳಗಾಗಿ, ಲಾಗ ಹಾಕಿ ಮತ್ತೆ ನೆಟ್ಟಗೆ ಹಾರಿಹೋಗುವುದನ್ನು ಕಂಡಾಗ ನಮಗೆ ಸರ್ಕಸ್ಸಿನ ನೆನಪಾಗುತ್ತದೆ. "ಇದೆಂಥ ಹುಡುಗಾಟ! ಜೀವದ ಮೇಲೆ ಆಸೆಯಿಲ್ಲವೆ?" ಎಂದು ಮನೆಯ ಹಿರಿಯರು ಗೊಣಗುವುದೂ ಉಂಟು. ಆದರೆ ಈ ವಿದ್ಯೆಯನ್ನು ಕಲಿಸುವುದೇ ಜೀವ ಉಳಿಸಿಕೊಳ್ಳಲೆಂದು.

1913ರಲ್ಲಿ ರಷ್ಯದ ಸೇನೆಯ ವೈಮಾನಿಕ ನೆಸ್ಟೆರೊವ್ ಕೀವ್ ನಗರದಲ್ಲಿ ಮೊತ್ತಮೊದಲು ಪೂರ್ಣ ಲಾಗ ಹಾಕಿದಾಗ, ಸರಕಾರದ ಸ್ವತ್ತನ್ನು ಅಪಾಯಕ್ಕೊಡ್ಡಿದನೆಂದು ಮೇಲಧಿಕಾರಿಗಳು ಅವನಿಗೆ ಶಿಕ್ಷೆ ವಿಧಿಸಿದರು. ಬಡತಿ ಬಂದದ್ದು ಆಮೇಲೆ. ಮೊದಲನೆಯ ಮಹಾಯುದ್ಧದಲ್ಲಿ ಅನೇಕ ತರುಣರು ಶತ್ರುವನ್ನು ಕಾಣುವ ಮೊದಲೇ, ತರಬೇತಿಯಲ್ಲಿಯೇ ಪ್ರಾಣ ಕಳೆದುಕೊಂಡರು. ಇಂಗ್ಲೆಂಡಿನ ಗಾಸ್ಪೋರ್ಟಿನಲ್ಲಿ ಸ್ಮಿತ್-ಬ್ಯಾರಿ ಎಂಬ ಅಧಿಕಾರಿ 1917ರಲ್ಲಿ ಈ ಕ್ರಮವನ್ನೇ ತಿರುಗಿಸಿದ. ಶಿಷ್ಯನನ್ನು ಅಪಾಯದಿಂದ ದೂರವಿಡುವುದಲ್ಲ, ಶಿಕ್ಷಕನ ಜೊತೆಯಲ್ಲಿ ಬೇಕೆಂದೇ ಅಪಾಯದೊಳಕ್ಕೆ ಒಯ್ದು, ಹೊರಬರುವ ದಾರಿಯನ್ನು ಕಲಿಸಬೇಕು ಎಂಬುದು ಅವನ ಮತ.

ಇಂದಿಗೂ ಪಾಠದ ಕ್ರಮ ಅದೇ. ವೇಗ ಕುಂದಿ ರೆಕ್ಕೆಗೆ ಗಾಳಿಯ ಆಸರೆ ತಪ್ಪಿದರೆ ವಿಮಾನ ಗಿರಕಿ ಹೊಡೆಯುತ್ತ ಬೀಳಬಹುದು. ಆಗ ಸಾಮಾನ್ಯವಾಗಿ ಎಂಜಿನಿನ ಬಲ ತಗ್ಗಿಸಿ, ಗಿರಕಿಯ ಎದುರು ದಿಕ್ಕಿಗೆ ಕಾಲಿನಿಂದ ಚುಕ್ಕಾಣಿಯನ್ನು ಪೂರ್ತಿ ಒತ್ತಿ, ಕೈಯಲ್ಲಿರುವ ಚಾಲನೆಯ ಕೋಲನ್ನು ಮುಂದಕ್ಕೆ ನೂಕಬೇಕು. ಭೂಮಿ ಸುತ್ತುತ್ತ ಎದುರಿಗೇ ಏರಿ ಬರುವಾಗ ಹೀಗೆ ನೂಕಲು ಯಾವ ಮನಸ್ಸು ಒಪ್ಪೀತು? ಹೆದರಿದ ಕೈ ಹಿಂದಕ್ಕೆ ಎಳೆಯುತ್ತದೆ, ಗಿರಕಿ ನಿಲ್ಲುವುದಿಲ್ಲ. ಆದ್ದರಿಂದ, ತಪ್ಪಿದರೂ ತಿದ್ದಿಕೊಳ್ಳಲು ಸಮಯ ಸಿಗುವಷ್ಟು ಎತ್ತರದಲ್ಲಿ ಇದನ್ನು ಮತ್ತೆ ಮತ್ತೆ ಮಾಡಿಸುತ್ತಾರೆ.

ಇದಾದ ಮೇಲೆ ಸರಳವಾದ ಲಾಗ, ಉರುಳು. ಮಧ್ಯಮ ಹಂತದಲ್ಲಿ ಇವೆರಡನ್ನೂ ಕೂಡಿಸುವುದು. ಅರ್ಧ ಲಾಗ ಹಾಕಿ, ಮೇಲೆ ತಲೆಕೆಳಗಾಗಿರುವಾಗಲೇ ಅರ್ಧ ಉರುಳಿದರೆ ವಿಮಾನ ಹಿಮ್ಮುಖವಾಗಿ, ಎತ್ತರವನ್ನೂ ಗಳಿಸಿರುತ್ತದೆ. ವೇಗವನ್ನು ಕೊಟ್ಟು ಎತ್ತರವನ್ನು ಕೊಳ್ಳುವ ವ್ಯಾಪಾರವಿದು. ಬಂಡವಾಳ ಕಡಿಮೆಯಾದರೆ ನೆತ್ತಿಯಲ್ಲೇ ವೇಗ ಮುಗಿದು ಗಿರಕಿಗೆ ಸಿಕ್ಕೀತು. ಮೊದಲು ಕಲಿತ ಪಾಠದ ಬೆಲೆ ತಿಳಿಯುವುದು ಆಗ.

ನಿಧಾನವಾದ ಉರುಳು ಇನ್ನೂ ಕಠಿಣ. ನೆಟ್ಟಗೆ ಹಾರುವಾಗ ಕೋಲನ್ನು ಎಳೆದರೆ ಮೂತಿ ಆಕಾಶದ ಕಡೆಗೆ. ತಲೆಕೆಳಗಾದಾಗ ಎಳೆದರೆ ನೆಲದ ಕಡೆಗೆ! ಅಲ್ಲಿ ನೂಕಿಯೇ ಮೂತಿಯನ್ನು ಎತ್ತಿ ಹಿಡಿಯಬೇಕು. ದೇಹಕ್ಕೂ ಇದು ಪರೀಕ್ಷೆಯೇ. ಲಾಗದಲ್ಲಿ ಭಾರ ನಾಲ್ಕು ಪಟ್ಟಾದರೆ 60 ಕಿಲೋ ತೂಗುವವನು 240 ಕಿಲೋ ತೂಗಿದಂತೆ. ತಲೆಯ ರಕ್ತ ಕೆಳಗಿಳಿದು ಕಣ್ಣು ಮಬ್ಬಾಗತೊಡಗುತ್ತದೆ. ಕಾಲು, ಹೊಟ್ಟೆಯ ಸ್ನಾಯುಗಳನ್ನು ಬಿಗಿಹಿಡಿದು ಅದನ್ನು ತಡೆಯಬೇಕು.

ನಮ್ಮ ನಾಡಿಗೂ ಈ ವಿದ್ಯೆಗೂ ನಂಟುಂಟು. ಡಾಕ್ಟರ್ ಘಾಟಗೆಯವರ ನೇತೃತ್ವದಲ್ಲಿ ಬೆಂಗಳೂರಿನಲ್ಲಿ ರೂಪುಗೊಂಡ ತರಬೇತಿ ವಿಮಾನ ಎಚ್‌ಟಿ-2, 1951ರಲ್ಲಿ ಮೊದಲು ಹಾರಿತು. ಒಬ್ಬರ ಹಿಂದೊಬ್ಬರು ಕೂರುವ ಎರಡು ಆಸನ, ಇಬ್ಬರಿಗೂ ಚಾಲನೆಯ ಸಲಕರಣೆ. 1996ರಲ್ಲಿ ವಾಯುಸೇನೆಯ ಸೂರ್ಯಕಿರಣ ತಂಡ ಹುಟ್ಟಿದ್ದು ಬೀದರಿನಲ್ಲಿ.

ಎರಡು ಆಸನದ ಆ ವಿಮಾನದಲ್ಲಿ ಶಿಕ್ಷಕ ಕಲಿಸುವುದು ಧೈರ್ಯವನ್ನಲ್ಲ; ಹೆದರಿಕೆಯ ನಡುವೆಯೂ ಕೈ ಸರಿಯಾದದ್ದನ್ನೇ ಮಾಡುವ ಅಭ್ಯಾಸವನ್ನು. ಮುಂದೊಂದು ದಿನ ಬಿರುಗಾಳಿ ವಿಮಾನವನ್ನು ಮಗುಚಿದರೆ ಹಿಂದಿನಿಂದ ಹೇಳಿಕೊಡುವವರು ಇರುವುದಿಲ್ಲ. ಅಂದು ನೆರವಿಗೆ ಬರುವುದು ಈ ಲಾಗ, ಉರುಳುಗಳ ಪಾಠವೇ.