ಧೂಳಿನ ಹಿಂದಣ ನಕ್ಷತ್ರಗಳು

ಕೊಪ್ಪಳ ಸೀಮೆಯವರಿಗೆ ಧೂಳಿನ ಪರಿಚಯ ಮಾಡಿಕೊಡಬೇಕಾದ ಅಗತ್ಯವಿಲ್ಲ. ಬೇಸಗೆಯ ಮಧ್ಯಾಹ್ನ ಯಲಬುರ್ಗಾದ ಎರೆಹೊಲಗಳ ಮೇಲೆ ಸುಂಟರಗಾಳಿ ಎದ್ದಿತೆಂದರೆ, ಕುಷ್ಟಗಿಯ ಕಚ್ಚಾರಸ್ತೆಯಲ್ಲಿ ಒಂದು ಲಾರಿ ಹಾದುಹೋಯಿತೆಂದರೆ, ಎದುರಿನ ಮರವೇ ಕಾಣದಂತಾಗುತ್ತದೆ. ಇಂಥದೇ ಒಂದು ಧೂಳು ಆಕಾಶದಲ್ಲಿಯೂ ಉಂಟು. ಅದು ಮರೆಮಾಡುವುದು ಮರಗಳನ್ನಲ್ಲ, ಕೋಟಿಗಟ್ಟಲೆ ನಕ್ಷತ್ರಗಳನ್ನು.

ಇದನ್ನು ನೀವು ನಂಬಿ ಬಿಡಬೇಕಾಗಿಲ್ಲ, ಕಣ್ಣಾರೆ ನೋಡಬಹುದು. ದೀಪಾವಳಿ ಅಮಾವಾಸ್ಯೆಯ ಆಸುಪಾಸಿನ ಒಂದು ಮುಸ್ಸಂಜೆ, ಕತ್ತಲು ಪೂರ್ತಿ ಕವಿದ ಮೇಲೆ, ಗಂಗಾವತಿಯ ದೀಪಗಳಿಂದ ದೂರ ಸರಿದು ಯಾವುದಾದರೂ ಹೊಲದ ಬದುವಿನ ಮೇಲೆ ನಿಂತು ನೋಡಿರಿ. ಶ್ರವಣ ನಕ್ಷತ್ರದ ಬದಿಯಿಂದ ರಾಜಹಂಸದ ಕಡೆಗೆ ಆಕಾಶಗಂಗೆ ಹರಿದಿರುತ್ತದೆ. ಆ ಹಾಲುಬಣ್ಣದ ಪಟ್ಟೆಯನ್ನು ಉದ್ದಕ್ಕೂ ಸೀಳಿದಂತೆ ನಡುವೆ ಒಂದು ಕಪ್ಪು ಗೆರೆ ಕಾಣುತ್ತದೆ. ಅಲ್ಲಿ ನಕ್ಷತ್ರಗಳಿಲ್ಲವೆಂದೇ ಹಿಂದಿನವರು ಎಣಿಸಿದ್ದರು. ನಕ್ಷತ್ರಗಳಿವೆ, ಅವುಗಳ ಬೆಳಕನ್ನು ನಡುವಿನ ಧೂಳು ನುಂಗುತ್ತಿದೆ ಎಂಬುದು ನಿಸ್ಸಂದೇಹವಾಗಿ ಸಿದ್ಧವಾದದ್ದು 1930ರಲ್ಲಿ, ಟ್ರಂಪ್ಲರ್ ಎಂಬ ವಿಜ್ಞಾನಿಯ ಅಳತೆಗಳಿಂದ. ಧೂಳೆಂದರೆ ನಮ್ಮ ಹೊಲದ ಧೂಳಿನಷ್ಟು ದಪ್ಪನೆಯದಲ್ಲ. ಒಲೆಯ ಹೊಗೆಯಷ್ಟು ನಯವಾದ ಕಣಗಳು. ಕಲ್ಲಿನ ಜಾತಿಯವು ಕೆಲವು, ಇದ್ದಲಿನ ಜಾತಿಯವು ಕೆಲವು.

ತೊಡಕು ಏನೆಂದರೆ, ನಕ್ಷತ್ರಗಳು ಹುಟ್ಟುವುದೇ ಈ ಧೂಳು ಮತ್ತು ಅನಿಲ ದಟ್ಟವಾಗಿರುವ ಕಡೆ. ಹೊಸ ನಕ್ಷತ್ರಗಳು ಹೆಚ್ಚು ಹುಟ್ಟುವಲ್ಲಿಯೇ ಅವು ಕಾಣದೆ ಹೋಗುತ್ತವೆ. ಹಾಗಾದರೆ ದೂರದ ಗೆಲಾಕ್ಸಿಗಳಲ್ಲಿ, ಎಂದರೆ ನಮ್ಮ ಆಕಾಶಗಂಗೆಯಂಥ ಇತರ ನಕ್ಷತ್ರ ಸಮುದಾಯಗಳಲ್ಲಿ, ಎಷ್ಟು ನಕ್ಷತ್ರಗಳು ಹುಟ್ಟಿದವೆಂದು ಲೆಕ್ಕ ಹಾಕುವುದು ಹೇಗೆ? ಕಣ್ಣಿಗೆ ಬಿದ್ದಷ್ಟನ್ನೇ ಎಣಿಸಿದರೆ ವಿಶ್ವದ ಚರಿತ್ರೆಯೇ ತಪ್ಪಾಗಿ ಬರೆದಂತಾಗುತ್ತದೆ.

ಉಪಾಯಕ್ಕೆ ಆನೆಗೊಂದಿಯ ಬಂಡೆಗಳನ್ನು ನೆನೆಯಿರಿ. ಹಗಲೆಲ್ಲ ಬಿಸಿಲುಂಡ ಬಂಡೆಯ ಮೇಲೆ ಸೂರ್ಯ ಮುಳುಗಿದ ಮೇಲೆ ಕೈಯಿಟ್ಟರೆ ಶಾಖ ತಾಗುತ್ತದೆ. ಬೆಳಕು ಹೋಯಿತು, ಆದರೆ ಶಾಖವಾಗಿ ಹಿಂದಿರುಗಿತು. ಆಕಾಶದ ಧೂಳೂ ಹಾಗೆಯೇ; ನುಂಗಿದ ಬೆಳಕನ್ನು ಕಣ್ಣಿಗೆ ಕಾಣದ ಅವಕೆಂಪು ಕಿರಣಗಳಾಗಿ ಹೊರಬಿಡುತ್ತದೆ. ಕೋಬೆ ಎಂಬ ಉಪಗ್ರಹದ ಅಳತೆಗಳಿಂದ 1990ರ ದಶಕದ ಕೊನೆಗೆ ತಿಳಿದುಬಂದದ್ದು ಇದು: ವಿಶ್ವದ ನಕ್ಷತ್ರಗಳು ಈವರೆಗೆ ಚೆಲ್ಲಿದ ಬೆಳಕಿನಲ್ಲಿ ಸುಮಾರು ಅರ್ಧದಷ್ಟು ಹೀಗೆ ಧೂಳಿನ ಹೊಟ್ಟೆ ಸೇರಿ ಶಾಖವಾಗಿ ಬಂದಿದೆ. 1996ರಲ್ಲಿ ಹವಾಯಿ ದ್ವೀಪದ ಮೌನಾ ಕೆಯಾ ಶಿಖರದ ಮೇಲೆ, ಸುಮಾರು 4,100 ಮೀಟರು ಎತ್ತರದಲ್ಲಿ, 15 ಮೀಟರು ಅಗಲದ ಮ್ಯಾಕ್ಸ್‌ವೆಲ್ ದೂರದರ್ಶಕಕ್ಕೆ 'ಸ್ಕೂಬಾ' ಎಂಬ ಉಪಕರಣವನ್ನು ಜೋಡಿಸಿದರು. ಮಿಲಿಮೀಟರಿಗೆ ತುಸು ಕಡಿಮೆ ಉದ್ದದ ಅಲೆಗಳನ್ನು ಅದು ಹಿಡಿಯುತ್ತಿತ್ತು. ಅಷ್ಟು ಎತ್ತರ ಏಕೆಂದರೆ, ಗಾಳಿಯಲ್ಲಿನ ನೀರಾವಿ ಈ ಅಲೆಗಳನ್ನು ತಡೆಯುತ್ತದೆ. ಬೆಳಕಿನ ಚಿತ್ರದಲ್ಲಿ ಏನೂ ಕಾಣದ ಎಡೆಗಳಲ್ಲಿ ಅದಕ್ಕೆ ಉಜ್ವಲವಾದ ಗೆಲಾಕ್ಸಿಗಳು ಸಿಕ್ಕವು.

ಈ ಕಥೆಯಲ್ಲಿ ನಮ್ಮ ನೆರೆಯವರೊಬ್ಬರು ಬರುತ್ತಾರೆ. ಕೊಪ್ಪಳದಿಂದ ರೈಲು ಹತ್ತಿ ಪಡುವಣಕ್ಕೆ ಹೊರಟರೆ ಗದಗು ದಾಟಿ ಹುಬ್ಬಳ್ಳಿ. ಶ್ರೀನಿವಾಸ ಕುಲಕರ್ಣಿಯವರು ಬೆಳೆದದ್ದು, ಶಾಲೆ ಕಲಿತದ್ದು ಅಲ್ಲಿ. ಲೇಖಕಿ ಸುಧಾ ಮೂರ್ತಿಯವರ ತಮ್ಮ ಎಂದರೆ ಬಹಳ ಜನಕ್ಕೆ ಗುರುತು ಹತ್ತುತ್ತದೆ. ಆದರೆ ಖಗೋಲಜ್ಞರ ನಡುವೆ ಗುರುತು ಹೇಳುವ ಕ್ರಮ ಬೇರೆಯಿದ್ದೀತು. ಹುಟ್ಟಿದ್ದು 1956ರಲ್ಲಿ, ಕುರುಂದವಾಡದಲ್ಲಿ. ದಿಲ್ಲಿಯ ಐ.ಐ.ಟಿ.ಯಲ್ಲಿ ಓದಿ ಬರ್ಕ್ಲಿಗೆ ಹೋದರು. ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ, 1982ರಲ್ಲಿ, ಬ್ಯಾಕರ್ ಮೊದಲಾದವರೊಡನೆ ಸೆಕೆಂಡಿಗೆ 642 ಸುತ್ತು ತಿರುಗುವ ಪಲ್ಸಾರ್ ನಕ್ಷತ್ರವನ್ನು ಕಂಡುಹಿಡಿದರು. 1995ರಲ್ಲಿ ಕಂದು ಕುಬ್ಜವೆಂಬ, ನಕ್ಷತ್ರವಾಗಲಾರದೆ ಉಳಿದ ಕಾಯವನ್ನು ಕಂಡವರಲ್ಲಿಯೂ ಅವರು ಒಬ್ಬರು. ಅದೆಲ್ಲ ಬೇರೆಯೇ ಭಾಷಣಕ್ಕೆ ಸಾಕಾದ ವಿಷಯ. ನಮಗೆ ಬೇಕಾದದ್ದು ಗಾಮಾ ಸ್ಫೋಟಗಳ ಭಾಗ.

ಕದ್ದು ಅಣುಬಾಂಬು ಸಿಡಿಸುವವರನ್ನು ಹಿಡಿಯಲೆಂದು ಅಮೆರಿಕ ಹಾರಿಸಿದ್ದ ವೇಲಾ ಉಪಗ್ರಹಗಳಿಗೆ 1967ರಲ್ಲಿ ಆಕಾಶದಿಂದ ಬಂದ ಗಾಮಾ ಕಿರಣಗಳ ಒಂದು ಮಿಂಚು ಸಿಕ್ಕಿತು. ಅಂಥವು ಮೇಲಿಂದ ಮೇಲೆ ಬರತೊಡಗಿದವು. ಎಲ್ಲಿಂದ ಬರುತ್ತವೆ, ಹತ್ತಿರದಿಂದಲೋ ದೂರದಿಂದಲೋ, ಮೂವತ್ತು ವರ್ಷ ಯಾರಿಗೂ ತಿಳಿಯಲಿಲ್ಲ. 1997ರ ಮೇ 8ರಂದು ಒಂದು ಸ್ಫೋಟವಾಯಿತು. ಕುಲಕರ್ಣಿಯವರ ಕ್ಯಾಲ್ಟೆಕ್ ತಂಡ ಅದರ ಉಳಿಬೆಳಕನ್ನು ಕೆಕ್ ದೂರದರ್ಶಕದಲ್ಲಿ ಬಿಡಿಸಿ ನೋಡಿತು. ಆ ಬೆಳಕು ಹೊರಟು ಸುಮಾರು 700 ಕೋಟಿ ವರ್ಷಗಳಾಗಿದ್ದವು! ವಾದ ಅಲ್ಲಿಗೆ ಮುಗಿಯಿತು.

ಅದೇ ವರ್ಷ ಆಗಸ್ಟ್ 28ರ ಸ್ಫೋಟ ಮಾತ್ರ ಎಲ್ಲರನ್ನೂ ಕಾಡಿತು. ಎಕ್ಸ್ ಕಿರಣಗಳಲ್ಲಿ ಕಂಡಿತು, ಬೆಳಕಿನಲ್ಲಿ ಎಷ್ಟು ಹುಡುಕಿದರೂ ಇಲ್ಲ. ಆದರೆ ರೇಡಿಯೋ ಅಲೆಗಳಲ್ಲಿ ಒಂದು ಮಿಣುಕು ಸಿಕ್ಕಿತ್ತು. ಆ ಜಾಡಿನಲ್ಲಿಯೇ ಹೋಗಿ ನೋಡಿದರೆ ಮಂಕಾದ ಗೆಲಾಕ್ಸಿಯೊಂದು ಇತ್ತು. 2001ರಲ್ಲಿ ಜೊರ್ಗೋವ್ಸ್ಕಿ, ಫ್ರೇಲ್, ಕುಲಕರ್ಣಿ ಮೊದಲಾದವರು ಬರೆದದ್ದು: ಸ್ಫೋಟದ ಬೆಳಕನ್ನು ಆ ಗೆಲಾಕ್ಸಿಯ ಧೂಳೇ ನುಂಗಿರಬೇಕು. ಧೂಳು ಬೆಳಕನ್ನು ತಡೆಯುತ್ತದೆ. ಗಾಮಾ ಕಿರಣಗಳನ್ನಾಗಲಿ ರೇಡಿಯೋ ಅಲೆಗಳನ್ನಾಗಲಿ ತಡೆಯಲಾರದು. ಗೋಡೆಯಾಚೆಯ ಕೋಣೆಯಲ್ಲಿ ಪಟಾಕಿ ಹೊಡೆದಂತೆ. ಕಿಡಿ ಕಾಣದಿದ್ದರೂ ಸದ್ದು ಕೇಳದಿರದು.

ಇದರಲ್ಲಿ ಒಂದು ಜಾಣತನ ಅಡಗಿದೆ. ನಮ್ಮ ಸೂರ್ಯ ಒಟ್ಟು ಸಾವಿರ ಕೋಟಿ ವರ್ಷ ಬಾಳುವವನು. ಅವನ ಇಪ್ಪತ್ತು ಮೂವತ್ತು ಮಡಿ ತೂಕದ ನಕ್ಷತ್ರಗಳಿಗೆ ಆಯುಷ್ಯ ಒಂದು ಕೋಟಿ ವರ್ಷಕ್ಕಿಂತ ಕಡಿಮೆ. ಅವು ಸಾಯುವುದು ಹುಟ್ಟಿದ ತೊಟ್ಟಿಲ ಬಳಿಯಲ್ಲೇ. ದೀರ್ಘವಾದ ಗಾಮಾ ಸ್ಫೋಟಗಳು ಇಂಥ ಭಾರಿ ನಕ್ಷತ್ರಗಳ ಸಾವು. ಆದ್ದರಿಂದ ಸ್ಫೋಟವಾದ ಕಡೆ ನಕ್ಷತ್ರಗಳು ಹುಟ್ಟುತ್ತಿವೆ ಎಂದೇ ಅರ್ಥ, ಧೂಳು ಮುಚ್ಚಿರಲಿ ಬಿಡಲಿ.

ಬರ್ಗರ್ ಎಂಬ ತಮ್ಮ ಶಿಷ್ಯರೊಡನೆ ಕುಲಕರ್ಣಿಯವರು ಇಂಥ 20 ಗೆಲಾಕ್ಸಿಗಳನ್ನು ಸ್ಕೂಬಾದಿಂದಲೂ ರೇಡಿಯೋ ದೂರದರ್ಶಕಗಳಿಂದಲೂ ಪರೀಕ್ಷಿಸಿದರು. ಸ್ಫೋಟದ ಉಳಿಬೆಳಕು ಆರುವವರೆಗೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ಕಾಯಬೇಕಾಯಿತು. 2003ರಲ್ಲಿ ಪ್ರಕಟವಾದ ಅವರ ಲೆಕ್ಕದಂತೆ, ಐದರಲ್ಲಿ ಒಂದು ಗೆಲಾಕ್ಸಿ ವರ್ಷಕ್ಕೆ ಸುಮಾರು 500 ಸೂರ್ಯರಷ್ಟು ದ್ರವ್ಯವನ್ನು ನಕ್ಷತ್ರಗಳನ್ನಾಗಿ ಮಾಡುತ್ತಿತ್ತು. ನಮ್ಮ ಆಕಾಶಗಂಗೆ ಮಾಡುವುದು ಒಂದೆರಡು ಸೂರ್ಯರಷ್ಟು! ಬೆಳಕನ್ನಷ್ಟೇ ನೋಡಿದವರಿಗೆ ಇವು ಸಾಧಾರಣ ಗೆಲಾಕ್ಸಿಗಳೆಂದೇ ತೋರುತ್ತಿದ್ದವು. ಮುಂದೆ ಇನ್ನೂ ಸೂಕ್ಷ್ಮವಾದ ಅಳತೆಗಳು ಬಂದು ಕೆಲವು ಲೆಕ್ಕಗಳನ್ನು ತಗ್ಗಿಸಿವೆಯೆಂಬುದನ್ನೂ ಹೇಳಬೇಕು. ಸ್ಕೂಬಾ 2005ರಲ್ಲಿ ನಿವೃತ್ತವಾಯಿತು, ಚಿಲಿ ದೇಶದ ಮರುಭೂಮಿಯಲ್ಲಿ ಆಲ್ಮಾ ಎಂಬ 66 ತಟ್ಟೆಗಳ ದೂರದರ್ಶಕ ಬಂತು. ಆದರೆ ಧೂಳನ್ನು ಬಿಟ್ಟು ನಕ್ಷತ್ರಗಳ ಲೆಕ್ಕ ಹಾಕುವ ಧೈರ್ಯ ಈಗ ಯಾರಿಗೂ ಇಲ್ಲ.

ಕುಲಕರ್ಣಿಯವರು ಆಮೇಲೆ ಪಾಲೊಮಾರ್ ಬೆಟ್ಟದ ಹಳೆಯ 48 ಅಂಗುಲದ ದೂರದರ್ಶಕಕ್ಕೆ ದೊಡ್ಡ ಕ್ಯಾಮೆರಾ ಹಚ್ಚಿಸಿ, ಕೆಲವೇ ರಾತ್ರಿಗಳಲ್ಲಿ ಬಡಗಣ ಆಕಾಶವನ್ನೆಲ್ಲ ತಿರುವಿಹಾಕುವ ಏರ್ಪಾಟು ಮಾಡಿದರು. 2018ರಿಂದ ಅದು ನಡೆದಿದೆ. 2024ರಲ್ಲಿ ಅವರಿಗೆ ಶಾ ಪಾರಿತೋಷಕ ಸಂದಿತು. ಆ ಕ್ಯಾಮೆರಾ ನೋಡುವುದು ಬೆಳಕನ್ನು. ಧೂಳು ಅದಕ್ಕೂ ಅಡ್ಡ. ಅದರ ಪಕ್ಕದಲ್ಲಿಯೇ ಅವರ ಶಿಷ್ಯೆ ಮಾನ್ಸಿ ಕಸ್ಲಿವಾಲರ ತಂಡ ಅವಕೆಂಪನ್ನು ಕಾಣುವ ಮೊಳದುದ್ದಕ್ಕಿಂತ ಸಣ್ಣ ದೂರದರ್ಶಕವೊಂದನ್ನು ಇಟ್ಟಿತು. ದೂರದ ಗೆಲಾಕ್ಸಿಗಳಲ್ಲಲ್ಲ, ನಮ್ಮ ಆಕಾಶಗಂಗೆಯ ಧೂಳಿನ ಮರೆಯಲ್ಲಿಯೇ, ಯಾರ ಕಣ್ಣಿಗೂ ಬೀಳದೆ ಭುಗಿಲೆದ್ದು ಆರುತ್ತಿದ್ದ ನೋವಾ ನಕ್ಷತ್ರಗಳು ಅದಕ್ಕೆ ಒಂದರ ಹಿಂದೊಂದು ಸಿಕ್ಕಿವೆ.